ಗಲ್ ವಿಹಾರದ ಬುದ್ಧಮೂರ್ತಿಗಳು: ಶಿಲೆ ಮತ್ತು ಶೀಲ

“ಮಾಸ್ತರರೆ, ಎದೆಯ ಮೇಲೆ ಲಿಂಗವಿರುವಾಗ ಈ ಕಲ್ಲಿನ ಬುದ್ಧನ ಮುಂದೆ ನಿಮಗೇನು ಕೆಲಸ?”

ಸಿಂಹಳದ ಯಾತ್ರೆಯಲ್ಲಿ ನಮ್ಮೊಡನಿದ್ದ ಹಿರಿಯರೊಬ್ಬರು ಪೊಲೊನ್ನರುವದ ಗಲ್ ವಿಹಾರದ ಮುಂದೆ ನನ್ನನ್ನು ಕೇಳಿದ ಪ್ರಶ್ನೆ ಇದು. ಅವರು ನಿಷ್ಠಾವಂತರಾದ ಲಿಂಗಪೂಜಕರು. ಅವರ ಮಾತಿನಲ್ಲಿ ಕುಚೋದ್ಯವಿರಲಿಲ್ಲ, ಪರಧರ್ಮದ ನಿಂದೆಯೂ ಇರಲಿಲ್ಲ. ಸ್ಥಾವರಕ್ಕಿಂತ ಜಂಗಮವೇ ಮೇಲೆಂದು ಸಾರಿದ ಶರಣರ ಸಂತತಿಯವರಾದ ನಾವು ಒಂದು ಶಿಲಾಪ್ರತಿಮೆಯ ಮುಂದೆ ಗಳಿಗೆಗಟ್ಟಲೆ ನಿಲ್ಲುವುದು ಸರಿಯೇ ಎಂಬ ಪ್ರಾಮಾಣಿಕವಾದ ಸಂದೇಹವಿತ್ತು. ಅಂದು ನಾನು ತಕ್ಕ ಉತ್ತರ ಕೊಡಲಾರದೆ ಹೋದೆನು. ಊರಿಗೆ ಮರಳಿದ ಮೇಲೆ ಆ ಸ್ಥಳದ ಇತಿಹಾಸವನ್ನು ಓದಿ, ಕಂಡುದನ್ನು ಮತ್ತೆ ಮತ್ತೆ ನೆನೆದು, ನನಗೆ ತೋರಿದ ಉತ್ತರವನ್ನು ವಾಚಕರ ಮುಂದಿಡುತ್ತಿದ್ದೇನೆ.

ಪೊಲೊನ್ನರುವವು ಶ್ರೀಲಂಕೆಯ ಉತ್ತರಮಧ್ಯ ಭಾಗದಲ್ಲಿರುವ ಹಳೆಯ ರಾಜಧಾನಿ. ಸಾವಿರ ವರ್ಷಗಳಿಗೂ ಮಿಕ್ಕಿ ಸಿಂಹಳ ಅರಸರ ರಾಜಧಾನಿಯಾಗಿದ್ದ ಅನುರಾಧಪುರವು 993ರಲ್ಲಿ ಚೋಳ ರಾಜರಾಜನ ದಂಡಯಾತ್ರೆಗೆ ಸಿಲುಕಿತು. 1017ರಲ್ಲಿ ಐದನೆಯ ಮಹಿಂದನು ಚೋಳರ ಸೆರೆಯಾಗಿ, ಅವರ ನಾಡಿನಲ್ಲಿಯೇ ಕಡೆಯುಸಿರೆಳೆದನು. ಚೋಳರು ತಮ್ಮ ಆಡಳಿತದ ಕೇಂದ್ರವನ್ನು ಪೊಲೊನ್ನರುವಕ್ಕೆ ತಂದರು. 1070ರಲ್ಲಿ ವಿಜಯಬಾಹುವು ಅವರನ್ನು ಹೊರಗಟ್ಟಿದ ಮೇಲೆಯೂ ರಾಜಧಾನಿ ಅಲ್ಲಿಯೇ ಉಳಿಯಿತು.

ಈ ವಿಜಯಬಾಹುವಿನ ಕಥೆಯಲ್ಲಿ ಕನ್ನಡಿಗರಿಗೆ ಆಸಕ್ತಿ ಹುಟ್ಟಿಸುವ ಒಂದು ಪ್ರಸಂಗವಿದೆ. ಪಾಳಿಯ ಇತಿಹಾಸಗ್ರಂಥವಾದ ‘ಚೂಳವಂಶ’ದ ಪ್ರಕಾರ, ಅವನು ಕರ್ನಾಟದ ಅರಸನಲ್ಲಿಗೆ ಕಾಣಿಕೆಗಳೊಡನೆ ದೂತರನ್ನು ಕಳುಹಿಸಿದನು, ದಾರಿಯಲ್ಲಿ ಚೋಳರು ಆ ದೂತರ ಕಿವಿಮೂಗುಗಳನ್ನು ಕೊಯ್ದರು. ಆ ಕರ್ನಾಟದೊರೆಯು ಕಲ್ಯಾಣದಿಂದ ಆಳುತ್ತಿದ್ದ ಚಾಳುಕ್ಯ ಆರನೆಯ ವಿಕ್ರಮಾದಿತ್ಯನೆಂದು (1076–1126) ಇತಿಹಾಸಕಾರರು ಗುರುತಿಸಿದ್ದಾರೆ. ಕಲ್ಯಾಣಕ್ಕೂ ಪೊಲೊನ್ನರುವಕ್ಕೂ ನಡುವೆ ಕಡಲಿದ್ದರೂ ಸ್ನೇಹದ ಒಂದು ಹಾದಿ ಇದ್ದಿತೆಂಬುದು ಇದರಿಂದ ತಿಳಿದುಬರುತ್ತದೆ.

ವಿಜಯಬಾಹುವಿನ ನಂತರ ನಾಡು ಒಳಜಗಳಗಳಿಂದ ಛಿದ್ರವಾಯಿತು. ಅದನ್ನು ಒಂದುಗೂಡಿಸಿದವನು ಒಂದನೆಯ ಪರಾಕ್ರಮಬಾಹು (1153–1186). ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದ ಕಾಲದಲ್ಲಿ ಸಿಂಹಳದಲ್ಲಿ ಆಳುತ್ತಿದ್ದವನು ಇವನೇ. ಸುರಿದ ಮಳೆಯ ನೀರು ಜನಕ್ಕೆ ಉಪಯೋಗವಾಗದೆ ಕಡಲಿಗೆ ಸೇರಕೂಡದೆಂಬುದು ಇವನ ಸಂಕಲ್ಪವಾಗಿತ್ತೆಂದು ಚೂಳವಂಶವು ಹೇಳುತ್ತದೆ. ಸಮುದ್ರವೆಂದೇ ಹೆಸರಾದ ಇವನ ಕೆರೆ ‘ಪರಾಕ್ರಮ ಸಮುದ್ರ’ವು ಇಂದಿಗೂ ಅಲ್ಲಿನ ಗದ್ದೆಗಳಿಗೆ ನೀರುಣಿಸುತ್ತಿದೆ. ಗಲ್ ವಿಹಾರವನ್ನು ಮಾಡಿಸಿದವನೂ ಇವನೇ. ಅದರ ಅಂದಿನ ಹೆಸರು ‘ಉತ್ತರಾರಾಮ’. ‘ಗಲ್’ ಎಂದರೆ ಸಿಂಹಳದಲ್ಲಿ ಕಲ್ಲು. ಅಚ್ಚಗನ್ನಡದಲ್ಲಿ ಹೇಳುವುದಾದರೆ ಇದು ಕಲ್ಲುವಿಹಾರ.

ಅಲ್ಲಿಗೆ ಹೋಗುವ ಮುನ್ನ, ಹಳೆಯ ಕೋಟೆಯ ಹೊರಗೆ ಉತ್ತರದಲ್ಲಿರುವ ಶಿವಾಲಯವೊಂದನ್ನು ನೋಡಿದೆವು. ಪುರಾತತ್ತ್ವ ಇಲಾಖೆಯವರು ಅದನ್ನು ಎರಡನೆಯ ಶಿವದೇವಾಲಯವೆಂದು ಕರೆದಿದ್ದಾರೆ. ಹನ್ನೊಂದನೆಯ ಶತಮಾನದ ಈ ಚೋಳರ ಗುಡಿ ಸಂಪೂರ್ಣ ಶಿಲಾನಿರ್ಮಿತ. ರಾಜರಾಜನ ರಾಣಿಯ ಹೆಸರಿನಿಂದ ಇದಕ್ಕೆ ‘ವಾನವನ್ ಮಾದೇವಿ ಈಶ್ವರ’ವೆಂಬ ಹೆಸರಿತ್ತು. ಗರ್ಭಗುಡಿಯಲ್ಲಿ ಲಿಂಗ ಈಗಲೂ ಇದೆ. ಈ ನಗರದ ಶಿವಾಲಯಗಳ ಅವಶೇಷಗಳಲ್ಲಿ ನಟರಾಜನ ಮತ್ತು ನಾಯನ್ಮಾರರ ಕಂಚಿನ ಮೂರ್ತಿಗಳು ದೊರೆತಿವೆ. ಅವುಗಳಲ್ಲಿ ಸುಂದರಮೂರ್ತಿಯ ವಿಗ್ರಹವು ಬಹು ಪ್ರಸಿದ್ಧವಾದುದು. ಹರಿಹರನ ರಗಳೆಯಿಂದ ನಾವು ನಂಬಿಯಣ್ಣನೆಂದು ಅರಿತ ಪುರಾತನನೇ ಈತ. ನಮ್ಮ ಹಿರಿಯ ಸಂಗಡಿಗರು ಈ ಗುಡಿಯಲ್ಲಿ ಕೈಮುಗಿದು ಸಂತೋಷಪಟ್ಟರು. ಗಲ್ ವಿಹಾರದಲ್ಲಿ ಮಾತ್ರ ಬಂಡೆಯ ಬಳಿಗೆ ಬಾರದೆ ಮರದ ನೆರಳಿನಲ್ಲಿಯೇ ಕುಳಿತರು.

ಬಂಡೆಯೊಂದರ ಒಂದು ಮಗ್ಗುಲನ್ನು ಕೊರೆದು ನಾಲ್ಕು ಮೂರ್ತಿಗಳನ್ನು ಅಲ್ಲಿ ಮೂಡಿಸಿದ್ದಾರೆ. ಇಂದು ಅವುಗಳನ್ನು ಮಳೆಬಿಸಿಲುಗಳಿಂದ ಕಾಯಲು ಆಧುನಿಕ ಚಾವಣಿಯೊಂದಿದೆ. ಹಿಂದೆ ಇಟ್ಟಿಗೆಯ ಗೋಡೆಗಳ ಪ್ರತಿಮಾಗೃಹಗಳಿದ್ದುವು. ಚೂಳವಂಶವು ಇಲ್ಲಿನ ವಿದ್ಯಾಧರ ಗುಹೆ, ಕುಳಿತ ಪ್ರತಿಮೆಯ ಗುಹೆ, ಮಲಗಿದ ಪ್ರತಿಮೆಯ ಗುಹೆ ಎಂಬ ಮೂರನ್ನು ಹೆಸರಿಸುತ್ತದೆ. ಮೊದಲಿಗೆ ಎಡಬದಿಯಲ್ಲಿ ಸುಮಾರು 15 ಅಡಿ ಎತ್ತರದ ಧ್ಯಾನಮುದ್ರೆಯ ಬುದ್ಧ. ಪೀಠದಲ್ಲಿ ಸಿಂಹಗಳೂ ವಜ್ರಾಯುಧದ ಚಿಹ್ನೆಗಳೂ ಇವೆ, ಹಿಂದೆ ಮಕರತೋರಣವಿದೆ. ಅದರ ಮಗ್ಗುಲಿಗೆ ಬಂಡೆಯೊಳಗೆ ತೋಡಿದ ಗುಹೆಯಲ್ಲಿ 4 ಅಡಿ 7 ಅಂಗುಲದ ಮತ್ತೊಂದು ಆಸೀನಮೂರ್ತಿ. ಅದರಾಚೆಗೆ ಸುಮಾರು 23 ಅಡಿ ಎತ್ತರದ ನಿಂತ ಮೂರ್ತಿ. ಕೊನೆಯದು ಪರಿನಿರ್ವಾಣದ ಬುದ್ಧ. ಇದರ ಉದ್ದ 46 ಅಡಿಗೂ ಮಿಕ್ಕುದು.

ಮಲಗಿದ ಮೂರ್ತಿಯನ್ನು ಹತ್ತಿರದಿಂದ ನೋಡಿದವರಿಗೆ ಎರಡು ಸೂಕ್ಷ್ಮಗಳು ಕಾಣುತ್ತವೆ. ತಲೆಯ ಭಾರಕ್ಕೆ ದಿಂಬು ತುಸು ತಗ್ಗಿದೆ. ಗಟ್ಟಿಯಾದ ಬಂಡೆಯಲ್ಲಿ ಶಿಲ್ಪಿಯು ಅರಳೆಯ ಮೃದುತ್ವವನ್ನು ತಂದಿದ್ದಾನೆ. ಎರಡನೆಯದಾಗಿ, ಎರಡು ಪಾದಗಳೂ ಸಮನಾಗಿ ಕೂಡಿಲ್ಲ. ಮೇಲಿನ ಪಾದವು ಸ್ವಲ್ಪ ಹಿಂದಕ್ಕೆ ಸರಿದಿದೆ. ಇದು ನಿದ್ರೆಯಲ್ಲ, ಪರಿನಿರ್ವಾಣವೆಂಬುದಕ್ಕೆ ಈ ಪಾದಗಳೇ ಕುರುಹೆಂದು ಬಲ್ಲವರು ಹೇಳುತ್ತಾರೆ. ಬಂಡೆಯಲ್ಲಿ ಸಹಜವಾಗಿದ್ದ ಪದರಗಳ ಗೆರೆಗಳು ಮೂರ್ತಿಗಳ ಮೈಮೇಲೂ ಮುಖದ ಮೇಲೂ ಹರಿದಿವೆ. ಅವುಗಳಿಂದ ಆ ಶಾಂತಮುಖಗಳಿಗೆ ಊನವೇನೂ ಬಂದಿಲ್ಲ. ಆ ಗೆರೆಗಳ ನಡುವೆಯೇ ಶಾಂತಿಯು ನೆಲೆಸಿರುವಂತೆ ತೋರುತ್ತದೆ.

ನಿಂತ ಮೂರ್ತಿಯನ್ನು ಕುರಿತು ವಿದ್ವಾಂಸರಲ್ಲಿ ಬಹುಕಾಲದಿಂದ ಭಿನ್ನಾಭಿಪ್ರಾಯವಿದೆ. ಅದರ ಕೈಗಳು ಎದೆಯ ಮೇಲೆ ಒಂದನ್ನೊಂದು ಹಾಯ್ದಿವೆ. ಮುಖದಲ್ಲಿ ಒಂದು ಬಗೆಯ ವಿಷಾದವಿದೆ. ಮಲಗಿದ ಬುದ್ಧನ ತಲೆದೆಸೆಯಲ್ಲಿ ಇರುವುದರಿಂದ, ಇವನು ಗುರುವಿನ ಅಗಲಿಕೆಗೆ ದುಃಖಿಸುತ್ತಿರುವ ಶಿಷ್ಯ ಆನಂದನೆಂದು ಹಲವರು ನಂಬಿದ್ದರು. ಆದರೆ ಮೂರ್ತಿಯು ಪದ್ಮಪೀಠದ ಮೇಲೆ ನಿಂತಿದೆ; ಅದಕ್ಕೆ ಪ್ರತ್ಯೇಕವಾದ ಪ್ರತಿಮಾಗೃಹವಿದ್ದುದಕ್ಕೆ ಗೋಡೆಯ ಗುರುತುಗಳಿವೆ. ಆದುದರಿಂದ ಇದು ಬುದ್ಧನ ಮೂರ್ತಿಯೇ ಎಂಬ ಪಕ್ಷ ಬಲವಾಗಿದೆ. ಶ್ರೀಲಂಕೆಯ ಪ್ರಸಿದ್ಧ ಪುರಾತತ್ತ್ವಜ್ಞರಾದ ಸೆನರತ್ ಪರಣವಿತಾನರು ಈ ಭಂಗಿಯನ್ನು ‘ಪರದುಃಖದುಃಖಿತ ಮುದ್ರೆ’ ಎಂದು ವಿವರಿಸಿದರು. ಪರರ ದುಃಖಕ್ಕೆ ದುಃಖಿತನಾದವನು ಎಂಬುದು ಇದರ ಅರ್ಥ. ತನ್ನ ದುಃಖವನ್ನೆಲ್ಲ ಕಳೆದುಕೊಂಡವನಿಗೂ ಪರರ ದುಃಖವು ಉಳಿದೇ ಇರುತ್ತದೆಂಬ ಭಾವ ಆ ಹೆಸರಿನಲ್ಲಿದೆ.

ಇಲ್ಲಿಗೆ ಬಂದ ಯಾತ್ರಿಕರಲ್ಲಿ ಒಬ್ಬರ ಅನುಭವವು ಲೋಕಪ್ರಸಿದ್ಧವಾಗಿದೆ. ಥಾಮಸ್ ಮರ್ಟನ್ ಎಂಬುವರು ಅಮೆರಿಕದ ಕೆಂಟಕಿಯ ಗೆತ್ಸೆಮನಿ ಮಠದ ಕ್ರೈಸ್ತ ಸಂನ್ಯಾಸಿ. ಮೌನವ್ರತಕ್ಕೆ ಹೆಸರಾದ ಟ್ರ್ಯಾಪಿಸ್ಟ್ ಪಂಥದವರು. 1968ರಲ್ಲಿ ಅವರು ಏಷ್ಯದ ಯಾತ್ರೆಗೆ ಬಂದು, ಧರ್ಮಶಾಲೆಯಲ್ಲಿ ದಲಾಯಿ ಲಾಮಾರನ್ನು ಕಂಡು, ಡಿಸೆಂಬರ್ ಮೊದಲಲ್ಲಿ ಪೊಲೊನ್ನರುವಕ್ಕೆ ಬಂದರು. ಸಂಗಡ ಬಂದಿದ್ದ ಪಾದ್ರಿಯೊಬ್ಬರು ಅನ್ಯಮತದ ಪ್ರತಿಮೆಗಳ ಬಳಿಗೆ ಬರಲೊಲ್ಲದೆ ಮರದ ಕೆಳಗೆ ಕುಳಿತುಬಿಟ್ಟರು. ಮರ್ಟನ್ನರು ಬರಿಗಾಲಿನಲ್ಲಿ ಒದ್ದೆ ಹುಲ್ಲಿನ ಮೇಲೆ ನಡೆದು ಮೂರ್ತಿಗಳನ್ನು ಸಮೀಪಿಸಿದರು. ಆ ಮುಖಗಳ ಮೌನವನ್ನು ನೋಡುತ್ತಿದ್ದಂತೆ ರೂಢಿಯ ನೋಟವು ಕಳಚಿಬಿದ್ದಿತೆಂದೂ, ತಾವು ಅರಸುತ್ತಿದ್ದುದು ಏನೆಂಬುದು ಅಲ್ಲಿ ಸ್ಪಷ್ಟವಾಯಿತೆಂದೂ, ಎಲ್ಲವೂ ಶೂನ್ಯ ಮತ್ತು ಕರುಣೆಯಾಗಿ ಕಂಡಿತೆಂದೂ ದಿನಚರಿಯಲ್ಲಿ ಬರೆದರು. ಅದಾದ ಕೆಲವೇ ದಿನಗಳಲ್ಲಿ, ಡಿಸೆಂಬರ್ 10ರಂದು, ಬ್ಯಾಂಕಾಕಿನ ಬಳಿ ಸಂನ್ಯಾಸಿಗಳ ಸಮ್ಮೇಳನಕ್ಕೆ ಹೋಗಿದ್ದಾಗ ಅಪಘಾತದಲ್ಲಿ ತೀರಿಕೊಂಡರು. ಆ ದಿನಚರಿ 1973ರಲ್ಲಿ ಪ್ರಕಟವಾಯಿತು. ಅವರು ಕ್ರೈಸ್ತರಾಗಿಯೇ ಬಂದರು, ಕ್ರೈಸ್ತರಾಗಿಯೇ ಹೋದರು. ಅವರು ಕಂಡುದಕ್ಕೆ ಅವರ ಸ್ವಧರ್ಮವು ಅಡ್ಡಿಯಾಗಲಿಲ್ಲ.

ಜವಾಹರಲಾಲ ನೆಹರೂರವರ ಆತ್ಮಕಥೆಯಲ್ಲಿಯೂ ಇಂಥದೊಂದು ಪ್ರಸಂಗವಿದೆ. 1931ರಲ್ಲಿ ಸಿಂಹಳಕ್ಕೆ ಹೋಗಿದ್ದಾಗ ಅವರು ಅನುರಾಧಪುರದ ಧ್ಯಾನಸ್ಥ ಬುದ್ಧನನ್ನು ನೋಡಿ ಮೆಚ್ಚಿದ್ದರು. ಮರುವರ್ಷ ಡೆಹರಾಡೂನಿನ ಸೆರೆಮನೆಯಲ್ಲಿದ್ದಾಗ ಸ್ನೇಹಿತರೊಬ್ಬರು ಆ ಮೂರ್ತಿಯ ಚಿತ್ರವನ್ನು ಕಳುಹಿಸಿಕೊಟ್ಟರು. ಅದನ್ನು ಮೇಜಿನ ಮೇಲಿಟ್ಟುಕೊಂಡ ನೆಹರೂರವರಿಗೆ ಮನಸ್ಸು ಕುಗ್ಗಿದಾಗಲೆಲ್ಲ ಅದು ಧೈರ್ಯ ತಂದಿತು. ಅವರು ಪೂಜೆ ಮಾಡುವ ಸ್ವಭಾವದವರಲ್ಲ. ಆದರೂ ಒಂದು ಮುಖದ ಸ್ಥೈರ್ಯವು ಮತ್ತೊಂದು ಮನಸ್ಸಿಗೆ ಹರಿಯಿತು.

ಇಷ್ಟರಿಂದಲೇ ನಮ್ಮ ಹಿರಿಯರ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನಾನು ಹೇಳಲಾರೆ. ಸುಂದರ ವಸ್ತುವನ್ನು ಕಂಡು ಮನಸ್ಸು ತಿಳಿಯಾಗುವುದು ಸಂಜೆಯ ಆಗಸವನ್ನು ನೋಡಿದಾಗಲೂ ಉಂಟು. ಅದನ್ನೇ ಅನುಭಾವವೆಂದು ಕರೆದರೆ ಶರಣರು ಒಪ್ಪಲಾರರು. ಉತ್ತರ ನನಗೆ ದೊರೆತುದು ಆ ಬಂಡೆಯ ಮೇಲೆಯೇ ಇರುವ ಮತ್ತೊಂದು ವಸ್ತುವಿನಲ್ಲಿ. ಬಹುಮಂದಿ ಯಾತ್ರಿಕರು ಅದನ್ನು ಗಮನಿಸದೆ ಮುಂದೆ ಹೋಗುತ್ತಾರೆ.

ಗುಹೆಗೂ ನಿಂತ ಮೂರ್ತಿಗೂ ನಡುವಿನ ನುಣುಪಾದ ಬಂಡೆಯ ಮೇಲೆ ಉದ್ದವಾದ ಶಾಸನವೊಂದಿದೆ. ಅದು ಪರಾಕ್ರಮಬಾಹುವಿನ ‘ಕತಿಕಾವತ’. ಎಂದರೆ ಭಿಕ್ಷುಸಂಘಕ್ಕೆ ಹಾಕಿಕೊಟ್ಟ ಆಚಾರದ ಕಟ್ಟಳೆ. ಅನುರಾಧಪುರದ ಕಾಲದಿಂದ ಸಂಘವು ಮಹಾವಿಹಾರ, ಅಭಯಗಿರಿ, ಜೇತವನವೆಂದು ಮೂರಾಗಿ ಒಡೆದಿತ್ತು. ಕಾಲಕ್ರಮದಲ್ಲಿ ಶೀಲವೂ ಸಡಿಲವಾಯಿತು. ಕಾವಿಯನ್ನು ಹೊದ್ದವರಲ್ಲಿ ಕಾವಿಗೆ ತಕ್ಕ ನಡೆ ಇಲ್ಲವಾಯಿತು. ಧರ್ಮವು ಕೆಡುತ್ತಿರುವುದನ್ನು ಕಂಡೂ ತಾನು ಉದಾಸೀನನಾಗಿರಬಾರದೆಂದು ಅರಸನು ಬಗೆದನೆಂದು ಶಾಸನವು ಹೇಳುತ್ತದೆ. ಉದುಂಬರಗಿರಿಯ, ಎಂದರೆ ದಿಂಬುಲಾಗಲದ, ಮಹಾಕಾಶ್ಯಪ ಸ್ಥವಿರರ ಮುಂದಾಳುತನದಲ್ಲಿ ಸಭೆ ಕೂಡಿತು. ಅನಾಚಾರಿಗಳನ್ನು ಹೊರಹಾಕಿ, ಮೂರು ಪಂಥಗಳನ್ನು ಒಂದುಗೂಡಿಸಲಾಯಿತು. ಹೊಸದಾಗಿ ಬಂದವರಿಗೆ ಏನನ್ನು ಕಲಿಸಬೇಕು, ಹಿರಿಯರ ಹೊಣೆಯೇನು, ಭಿಕ್ಷುವಿನ ದಿನಚರಿ ಹೇಗಿರಬೇಕು ಎಂಬುದನ್ನೆಲ್ಲ ಬರೆದು, ಈ ಮೂರ್ತಿಗಳ ಮಗ್ಗುಲಲ್ಲಿಯೇ ಕೆತ್ತಿಸಲಾಯಿತು.

ಇದು ಅರಸನ ಕೇವಲ ಅನುಕೂಲದ ಏರ್ಪಾಡೆಂದು ನನಗೆ ತೋರುವುದಿಲ್ಲ. ಮೂರ್ತಿಯನ್ನು ನೋಡಿ ಕಣ್ಣರಳಿಸಿದ ಭಿಕ್ಷುವು ಎರಡು ಹೆಜ್ಜೆ ಸರಿದರೆ ತನ್ನ ನಡೆಯ ಲೆಕ್ಕವನ್ನು ಕೇಳುವ ಅಕ್ಷರಗಳು ಎದುರಾಗುತ್ತಿದ್ದುವು. ಶಿಲೆಯ ಜೊತೆಗೇ ಶೀಲವನ್ನು ಕಂಡರಿಸಿದರು. ಆಚಾರವಿಲ್ಲದ ಅರಿವು ಬರಿಯ ಮಾತೆಂದು ನಮ್ಮ ಶರಣರು ಅದೇ ಶತಮಾನದಲ್ಲಿ ಕಲ್ಯಾಣದಲ್ಲಿ ಹೇಳುತ್ತಿದ್ದರು. ಅವರು ಅದನ್ನು ಬಂಡೆಯ ಮೇಲೆ ಬರೆಯಲಿಲ್ಲ, ನಾಲಗೆಯ ಮೇಲೆ ಬರೆದರು. ಅರಸನ ಆಜ್ಞೆಯಿಂದಲ್ಲ, ಅರಸನ ಮುನಿಸಿನ ನಡುವೆ ನುಡಿದರು. ಒಬ್ಬರಿಂದೊಬ್ಬರು ಕಲಿತರೆಂದು ಹೇಳಲು ಆಧಾರವಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ಧರ್ಮವು ಎಲ್ಲಿ ಕೆಡುತ್ತದೆ, ಎಲ್ಲಿ ಮತ್ತೆ ಚಿಗುರುತ್ತದೆ ಎಂಬುದನ್ನು ಎರಡು ಕಡೆಯವರೂ ಕಂಡಿದ್ದರು.

ಇನ್ನು ನನ್ನ ಮಾತು. ಪರದುಃಖದುಃಖಿತನ ಮುಂದೆ ನಿಂತಾಗ ನನಗೆ ನೆನಪಾದವನು ಒಬ್ಬ ಹುಡುಗ. ಮೂವತ್ತು ವರ್ಷಗಳಿಗೂ ಹಿಂದೆ, ದಯೆಯನ್ನು ಕುರಿತ ಬಸವಣ್ಣನವರ ವಚನವನ್ನು ತರಗತಿಯಲ್ಲಿ ಪಾಠ ಮಾಡುತ್ತಿದ್ದೆ. ದೂರದ ಹಳ್ಳಿಯಿಂದ ನಡೆದು ಬರುತ್ತಿದ್ದ ಅವನು ಅಂದು ತಡವಾಗಿ ಬಂದು ಬಾಗಿಲಲ್ಲಿ ನಿಂತ. ಪಾಠ ಕೆಟ್ಟಿತೆಂಬ ಸಿಟ್ಟಿನಿಂದ, ಕಾರಣವನ್ನೂ ಕೇಳದೆ, ಅವನನ್ನು ಗಂಟೆ ಹೊಡೆಯುವವರೆಗೂ ಬಿಸಿಲಿನಲ್ಲಿ ನಿಲ್ಲಿಸಿದೆ. ದಯೆಯ ಅರ್ಥವನ್ನು ಉಳಿದವರಿಗೆ ವಿವರಿಸುತ್ತಲೇ ಇದ್ದೆ. ಅವನ ತಾಯಿ ಕಾಯಿಲೆಯಾಗಿ ಮಲಗಿದ್ದಳೆಂದು ಮರುದಿನ ಬೇರೆ ಹುಡುಗರಿಂದ ತಿಳಿಯಿತು. ಆಗಲೂ ನಾನು ಅವನನ್ನು ಕರೆದು ಒಂದು ಮಾತು ಆಡಲಿಲ್ಲ. ನೂರಾರು ಸಲ ವಚನಗಳನ್ನು ಓದಿ, ಓದಿಸಿ, ಅರ್ಥ ಬರೆಸಿದವನಿಗೆ ಮರೆತೇ ಹೋಗಿದ್ದ ಆ ಮುಖವು ಅಂದು ಆ ಮೂರ್ತಿಯ ಮುಂದೆ ನೆನಪಿಗೆ ಬಂದಿತು.

ಈಗ ಆ ಹಿರಿಯರಿಗೆ ಹೇಳಬೇಕಾದುದು ಇಷ್ಟು. ಆ ಕಲ್ಲಿನ ಬುದ್ಧನು ನನ್ನ ಇಷ್ಟಲಿಂಗದ ಸ್ಥಾನವನ್ನು ಬೇಡಲಿಲ್ಲ. ನಾನು ಅವನನ್ನು ಪೂಜಿಸಲಿಲ್ಲ. ನಾನು ಜೀವಮಾನವೆಲ್ಲ ಪಾಠ ಹೇಳಿದ ವಚನವನ್ನೇ ನನಗೆ ಮತ್ತೊಮ್ಮೆ ಪಾಠ ಹೇಳಿಸಿದನು. ಯಾವ ಕ್ಷೇತ್ರದ ದರ್ಶನವೇ ಆಗಲಿ, ಅದರ ಫಲವು ನೋಡಿದ ಕಣ್ಣಿನಲ್ಲಿ ಮುಗಿಯದೆ ನಡೆಯುವ ಕಾಲಿಗೆ ಇಳಿಯಬೇಕು. ಇಳಿದರೆ ಅದು ಯಾತ್ರೆ.

1215ರಲ್ಲಿ ಕಳಿಂಗದ ಮಾಘನ ಆಕ್ರಮಣದಿಂದ ನೊಂದ ಆ ನಗರವನ್ನು ಅದೇ ಶತಮಾನದಲ್ಲಿ ಜನರು ತೊರೆದರು; ಅದನ್ನು ಕಾಡು ನುಂಗಿತು. 1820ರಲ್ಲಿ ಫೇಗನ್ ಎಂಬ ಬ್ರಿಟಿಷ್ ಅಧಿಕಾರಿ ಅದರ ಅವಶೇಷಗಳನ್ನು ಕಂಡು ವರ್ಣಿಸಿದನು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಎಚ್. ಸಿ. ಪಿ. ಬೆಲ್ಲರ ಕಾಲದಲ್ಲಿ ಉತ್ಖನನ ನಡೆಯಿತು. 1982ರಲ್ಲಿ ಯುನೆಸ್ಕೋ ಸಂಸ್ಥೆಯು ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಷ್ಟು ಶತಮಾನಗಳ ಕಾಲ ನೋಡುವವರಿಲ್ಲದಿದ್ದರೂ ಆ ಮುಖಗಳ ಶಾಂತಿ ಕೆಡಲಿಲ್ಲ. ನಾವು ಹೊರಡುವ ಹೊತ್ತಿಗೆ ಹಿರಿಯರು ಮರದ ನೆರಳಿನಿಂದೆದ್ದು, ನಿಂತ ಮೂರ್ತಿಯ ಕಡೆಗೆ ಒಂದು ಕ್ಷಣ ನೋಡಿ, “ಯಾಕೋ ಬಹಳ ನೊಂದವರ ಹಾಗೆ ಕಾಣುತ್ತಾರೆ” ಎಂದರು. ಆ ಮೂರ್ತಿಯ ಮುದ್ರೆಯ ಹೆಸರನ್ನು ಅವರಿಗೆ ಯಾರೂ ಹೇಳಿರಲಿಲ್ಲ.