ತಳದ ಮೀನು, ತಳದ ತತ್ತಿ: ಹರಿಹರದ ತುಂಗಭದ್ರೆಯ ಕುರಿತು ಒಂದು ವಿಚಾರ

ಉತ್ತರ ಅಟ್ಲಾಂಟಿಕ್ ಸಾಗರದ ತಣ್ಣೀರಿನಲ್ಲಿ ಲಂಪ್‌ಫಿಶ್ ಎಂಬ ಮೀನಿದೆ. 1758ರಲ್ಲಿ ಲಿನೇಯಸ್ ಇದಕ್ಕೆ ಸೈಕ್ಲಾಪ್ಟೆರಸ್ ಲಂಪಸ್ ಎಂದು ಹೆಸರಿಟ್ಟ. ಇದರ ಹೊಟ್ಟೆಯಡಿಯ ರೆಕ್ಕೆಗಳು ಕೂಡಿಕೊಂಡು ಹೀರುಬಿಲ್ಲೆಯಾಗಿವೆ. ಅದನ್ನೊತ್ತಿ ಮೀನು ಬಂಡೆಗೆ ಕಚ್ಚಿಕೊಳ್ಳುತ್ತದೆ. ಹೆಣ್ಣು ಕರಾವಳಿಯ ಕಲ್ಲುತಳಕ್ಕೆ ಬಂದು ತತ್ತಿ ಅಂಟಿಸಿ ಹೊರಟುಹೋಗುತ್ತದೆ. ಮುಂದೆ ವಾರಗಟ್ಟಲೆ ನೀರು ಬೀಸುತ್ತ ಕಾಯುವುದು ಗಂಡು. ಐಸ್‌ಲೆಂಡ್, ಗ್ರೀನ್‌ಲೆಂಡ್, ನಾರ್ವೆಗಳ ಬೆಸ್ತರು ಬಲೆಯೊಡ್ಡುವುದು ಮುಖ್ಯವಾಗಿ ತತ್ತಿ ತುಂಬಿದ ಹೆಣ್ಣಿಗೆ. ಆ ತತ್ತಿಗೆ ಉಪ್ಪು ಬೆರೆಸಿ, ಕಪ್ಪು ಇಲ್ಲವೆ ಕೆಂಪು ಬಣ್ಣ ಕೊಟ್ಟು, ಸ್ಟರ್ಜನ್ ಮೀನಿನ ದುಬಾರಿ ಕ್ಯಾವಿಯರ್ ಬದಲಿಗೆ ಮಾರುತ್ತಾರೆ.

ದಾವಣಗೆರೆಯ ಸೀಮೆಗೆ ಈ ಮೀನಿನ ಸಂಬಂಧವಿಲ್ಲ. ಆದರೆ ತಳಕ್ಕೆ ಕಚ್ಚಿಕೊಂಡು ಬದುಕುವ ಕ್ರಮ ತುಂಗಭದ್ರೆಯ ಜಲಾನಯನಕ್ಕೆ ಹೊಸದಲ್ಲ. ಗರ್ರಾ ಕುಲದ ಸಣ್ಣ ಮೀನುಗಳಿಗೆ ಕೆಳತುಟಿಯೇ ಬಿಲ್ಲೆಯಾಗಿದೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣರಾವ್ 1920ರಲ್ಲಿ ತುಂಗಾ ನದಿಯ ಗರ್ರಾ ಬೈಕಾರ್ನುಟಾವನ್ನು ವರ್ಣಿಸಿದರು. ಮರುವರ್ಷ ಸುಂದರ್ ಲಾಲ್ ಹೋರಾ ಭಾರತದ ಗರ್ರಾ ಕುಲವನ್ನೆಲ್ಲ ಪರಿಶೀಲಿಸಿದರು. ಒಂದಕ್ಕೆ ರೆಕ್ಕೆ, ಇನ್ನೊಂದಕ್ಕೆ ತುಟಿ: ನೆಂಟಸ್ತಿಕೆಯಿಲ್ಲದ ಎರಡು ವಂಶಗಳು ಒಂದೇ ಅಗತ್ಯಕ್ಕೆ ಬೇರೆ ಬೇರೆ ಅಂಗಗಳನ್ನು ಬಳಸಿಕೊಂಡಿವೆ.

ತತ್ತಿಯ ವಿಷಯದಲ್ಲಿ ಮಾತ್ರ ಹೋಲಿಕೆ ತಪ್ಪುತ್ತದೆ. ನಮ್ಮಲ್ಲಿ ತತ್ತಿಗಾಗಿ ಮೀನು ಹಿಡಿಯುವುದಿಲ್ಲ. ಮೀನು ಕೊಯ್ದಾಗ ಸಿಕ್ಕರೆ ಮಸಾಲೆ ಹಚ್ಚಿ ಹುರಿಯುತ್ತಾರೆ, ಸಾರಿಗೂ ಹಾಕುತ್ತಾರೆ. ಅದು ಕಾಟ್ಲಾ, ರೋಹುಗಳದ್ದಾದರೆ ಚಿಂತೆಯಿಲ್ಲ. ಇವು ಮೂಲತಃ ಗಂಗಾ ಬಯಲಿನವು, ಕೆರೆಗಳಲ್ಲಿ ಬಿತ್ತಿ ಬೆಳೆಸಿದವು. 1957ರಲ್ಲಿ ಹೀರಾಲಾಲ್ ಚೌಧುರಿ ಮತ್ತು ಆಲಿಕುಂಞಿ ಒಡಿಶಾದಲ್ಲಿ ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಗೆಂಡೆಮೀನುಗಳಿಂದ ತತ್ತಿ ಇಡಿಸಿದ ಮೇಲೆ ಮರಿಗಳಿಗೆ ನದಿಯನ್ನೇ ನೆಚ್ಚಬೇಕಿಲ್ಲ. ಹೊಳೆಯಲ್ಲಿ ತಾನಾಗಿ ಹುಟ್ಟುವ ಬಾಳೆಮೀನಿನಂಥವಕ್ಕೆ ಈ ರಕ್ಷೆಯಿಲ್ಲ. ಮುಂಗಾರಿನ ಹೊಸನೀರಿಗೆ ಏರಿಬಂದ ಗಬ್ಬದ ಹೆಣ್ಣು ಬಲೆಗೆ ಬಿದ್ದರೆ ಆ ವರ್ಷದ ಸಂತಾನ ಹೋದಂತೆಯೇ. ಹೀಗಾಗಿ ಮಾರುಕಟ್ಟೆಯಲ್ಲಿ ಒಂದೇ ತಟ್ಟೆಯಲ್ಲಿರುವ ತತ್ತಿಗಳನ್ನು ಪರಿಸರದ ಲೆಕ್ಕದಲ್ಲಿ ಒಂದೇ ಎನ್ನಲಾಗದು.

ಬಲೆಗಿಂತ ದೊಡ್ಡ ಪ್ರಶ್ನೆ ತಳದ್ದು. ಹರಿಹರದ ಎದುರು ದಂಡೆಯ ಕುಮಾರಪಟ್ಟಣದಲ್ಲಿ 1970ರ ದಶಕದಿಂದ ರೇಯಾನ್‌ಗೆ ಬೇಕಾದ ಮರದ ತಿರುಳು ತಯಾರಾಗುತ್ತಿದೆ. 1980ರ ದಶಕದಲ್ಲಿ ನದಿಯ ಮಾಲಿನ್ಯ, ಮೀನುಗಳ ಸಾವುಗಳ ವಿರುದ್ಧ ಸಮಾಜ ಪರಿವರ್ತನ ಸಮುದಾಯ ಹೋರಾಡಿತು. ಸತ್ತು ತೇಲಿದ ಮೀನು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ತಿರುಳಿನ ತ್ಯಾಜ್ಯದಲ್ಲಿರುವ ನಾರು ತಳಕ್ಕಿಳಿದು ಕಲ್ಲುಗಳ ಸಂದು ಮುಚ್ಚುತ್ತದೆ, ಕೊಳೆಯುತ್ತ ಅಲ್ಲಿಯ ಆಮ್ಲಜನಕವನ್ನು ಕಬಳಿಸುತ್ತದೆ. ನಡುನೀರಿನ ಮೀನು ದೂರ ಸರಿದೀತು, ಕಲ್ಲಿಗಂಟಿದ ತತ್ತಿ ಎಲ್ಲಿಗೆ ಹೋದೀತು? ಈಚಿನ ದಶಕಗಳ ಮರಳುಗಾರಿಕೆ ಆ ತಳವನ್ನೇ ಹೊತ್ತೊಯ್ಯುತ್ತಿದೆ.

ಮೀನುಗಳ ಸಮೀಕ್ಷೆಯನ್ನು ಬಲೆಗೆ ಬಿದ್ದವುಗಳ ಎಣಿಕೆಗೆ ಸೀಮಿತಗೊಳಿಸಿದರೆ ಗರ್ರಾದಂಥ ಮೀನು ಲೆಕ್ಕದಿಂದ ಜಾರಿಹೋಗುತ್ತದೆ, ಅದು ಕಲ್ಲು ಬಿಟ್ಟು ಬಲೆಗೆ ಬರುವುದು ಕಡಿಮೆ. ಹೊಳೆ ಬತ್ತುವ ಚೈತ್ರ-ವೈಶಾಖಗಳಲ್ಲಿ, ಹರಿದ್ರಾ ಹಳ್ಳ ಬಂದು ಸೇರುವ ಜಾಗದಿಂದ ಮೇಲಕ್ಕೂ ಕೆಳಕ್ಕೂ ಕಲ್ಲೆತ್ತಿ ನೋಡಿ, ತಳದ ಹೂಳಿನ ಮಾದರಿಯನ್ನೂ ಜೊತೆಗೇ ತೆಗೆದುಕೊಂಡರೆ ಕಾರ್ಖಾನೆಯ ಪಾಲೆಷ್ಟು, ಮರಳು ತೆಗೆದವರ ಪಾಲೆಷ್ಟು ಎಂಬುದನ್ನು ಬೇರ್ಪಡಿಸಬಹುದು.