ತೊಟ್ಟಿಯ ನೀರಿನಿಂದ ಜೀವಕೋಶದವರೆಗೆ

ಕಮರ್ಷಿಯಲ್ ಸ್ಟ್ರೀಟಿನಲ್ಲಿ ನಡೆದಾಡುವವರಿಗೆ, ಅದೇ ದಂಡು ಪ್ರದೇಶದಲ್ಲಿ 1883ರಲ್ಲಿ ರೊನಾಲ್ಡ್ ರಾಸ್ ಎಂಬ ಸೇನಾ ವೈದ್ಯನಿದ್ದನೆಂಬುದು ನೆನಪಾಗುವುದು ವಿರಳ. ಬಂಗಲೆಯ ಕಿಟಕಿಯ ಬಳಿಯಿದ್ದ ನೀರಿನ ತೊಟ್ಟಿಯಲ್ಲಿ ಸೊಳ್ಳೆಮರಿಗಳನ್ನು ಕಂಡು ಆತ ಅದನ್ನು ಬರಿದುಮಾಡಿದನು. ಸೊಳ್ಳೆಗಳ ಕಾಟ ತಗ್ಗಿತು. ಆದರೆ ಸೊಳ್ಳೆಗೂ ಮಲೇರಿಯಕ್ಕೂ ಇರುವ ನಂಟು ಬರಿಗಣ್ಣಿಗೆ ಕಾಣುವಂಥದಲ್ಲ.

1897ರ ಆಗಸ್ಟ್ 20ರಂದು ಸಿಕಂದರಾಬಾದಿನಲ್ಲಿ, ರೋಗಿಯ ರಕ್ತ ಹೀರಿದ್ದ ಸೊಳ್ಳೆಯೊಂದನ್ನು ಸೀಳಿ, ಅದರ ಜಠರದ ಭಿತ್ತಿಯನ್ನು ರಾಸ್ ಸೂಕ್ಷ್ಮದರ್ಶಕದಡಿ ಇಟ್ಟನು. ಅಲ್ಲಿ ದುಂಡನೆಯ ಕೋಶಗಳು. ಅವುಗಳೊಳಗೆ ಕಪ್ಪು ಕಣಗಳು. ಅಂಥ ಕಣಗಳು ಮಲೇರಿಯದ ರೋಗಾಣುವಿನ ಗುರುತು. ಸೊಳ್ಳೆಯ ಸ್ವಂತ ಕೋಶಗಳಲ್ಲಿ ಅವು ಇರವು. ಮರುದಿನ ಸೀಳಿದ ಇನ್ನೊಂದು ಸೊಳ್ಳೆಯಲ್ಲಿ ಆ ಕೋಶಗಳು ಮತ್ತಷ್ಟು ದೊಡ್ಡವಾಗಿದ್ದವು. ರೋಗಾಣು ಸೊಳ್ಳೆಯೊಳಗೆ ಬೆಳೆಯುತ್ತಿತ್ತು!

1902ರಲ್ಲಿ ರಾಸ್‌ಗೆ ನೊಬೆಲ್ ಪಾರಿತೋಷಕ ಸಂದಿತು. ಸೂಕ್ಷ್ಮದರ್ಶಕವು ರೋಗದ ದಾರಿಯನ್ನು ತೋರಿಸಿಕೊಟ್ಟಿತು. ನಿಂತ ನೀರನ್ನು ಚೆಲ್ಲುವ ಕೆಲಸವನ್ನು ಇಂದಿಗೂ ನಮ್ಮ ಕೈಗಳೇ ಮಾಡಬೇಕಾಗಿದೆ.