ಎಕ್ಸಲೇಟರ್ ತಂತಿಯ ಪೂರ್ವೋತ್ತರ

ಪುಣೆ-ಬೆಂಗಳೂರು ಹೆದ್ದಾರಿಯು ಹಾವೇರಿಯನ್ನೂ ರಾಣೆಬೆನ್ನೂರನ್ನೂ ಮುಟ್ಟಿಕೊಂಡು ಹೋಗುವುದಾದರೂ, ಮೆಣಸಿನಕಾಯಿಯಿಂದ ದೇಶವಿಖ್ಯಾತವಾದ ಬ್ಯಾಡಗಿಯನ್ನು ಮಾತ್ರ ಪಕ್ಕಕ್ಕೆ ಬಿಟ್ಟು ಮೋಟೆಬೆನ್ನೂರಿನ ಮೇಲೆ ಹಾಯ್ದುಹೋಗುತ್ತದೆ. ರೈಲು ಈ ಮೂರೂ ಊರುಗಳನ್ನು ಒಂದೇ ಹಳಿಯಲ್ಲಿ ಕೋದಿದ್ದರೂ, ಕ್ರಾಸಿನಿಂದ ಊರಿಗೆ, ಹೊಲದಿಂದ ಪೇಟೆಗೆ ಉಳಿದ ನಾಲ್ಕಾರು ಮೈಲಿಗಳ ಹಾದಿಯನ್ನು ಬಹುಕಾಲ ಸವೆಸಿದ್ದು ಚಕ್ಕಡಿಯೇ. ಮುಂದೆ ಆ ಕಾರ್ಯಭಾರದಲ್ಲಿ ಪಾಲು ಪಡೆದ ವಾಹನಗಳಲ್ಲಿ ಮೂರು ಗಾಲಿಯ ಟಂಟಂ ಒಂದು. ಅದರ ಹಿಂಬದಿಯಲ್ಲಿ ಗಾಳಿಯಿಂದಲೇ ತಣಿಯುವ ಎಂಜಿನ್ನಿಗೂ ಮುಂದೆ ಕುಳಿತ ಚಾಲಕನ ಬಲಗೈಗೂ ನಡುವೆ ದೂತನಂತೆ ಓಡಾಡುವ ಎಕ್ಸಲೇಟರ್ ತಂತಿಯ ಪೂರ್ವೋತ್ತರವು ವಿಚಾರಯೋಗ್ಯವಾಗಿದೆ.

ಈ ಬಂಡಿಯ ವಂಶಮೂಲ ಇಟಲಿಯದು. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ವಿಮಾನಶಿಲ್ಪಿಯಾದ ಕೊರಾಡೀನೊ ದಾಸ್ಕಾನಿಯೊ ಪಿಯಾಜಿಯೊ ಕಾರ್ಖಾನೆಗಾಗಿ ರೂಪಿಸಿದ ವೆಸ್ಪಾ ಸ್ಕೂಟರಿಗೆ 1948ರಲ್ಲಿ ಇನ್ನೊಂದು ಗಾಲಿ ಕೂಡಿ ಆಪೆ ಎಂಬ ಬಂಡಿ ಹುಟ್ಟಿತು. ಅದೇ ಸ್ಕೂಟರಿನ ಪರವಾನಗಿಯಿಂದ ಬಜಾಜ್ ಆಟೋರಿಕ್ಷಾ ನಮ್ಮಲ್ಲಿ ಬೆಳೆಯಿತು. 1999ರಲ್ಲಿ ಬಾರಾಮತಿಯಲ್ಲಿ ಆರಂಭವಾದ ಪಿಯಾಜಿಯೊ ಕಾರ್ಖಾನೆಯು ಗ್ರೀವ್ಸ್ ಸಂಸ್ಥೆಯ ಒಂಟಿ ಸಿಲಿಂಡರಿನ ಡೀಸೆಲ್ ಎಂಜಿನ್ನನ್ನು ಆಪೆಯಲ್ಲಿ ಕೂರಿಸಿತು. ರೇಡಿಯೇಟರಾಗಲಿ, ನೀರಿನ ಪಂಪಾಗಲಿ ಇಲ್ಲದ ಈ ಯಂತ್ರದಲ್ಲಿ ಕೆಡುವ ಅಂಗಗಳೇ ಕಡಿಮೆ.

ಆದರೆ ಎಂಜಿನ್ ಹಿಂದೆ ಸರಿದಷ್ಟೂ ಕೈಗೂ ಅದಕ್ಕೂ ನಡುವಣ ದೂರ ಬೆಳೆಯಿತು. ರಬ್ಬರ್ ಮೌಂಟಿಂಗಿನ ಮೇಲೆ ಸದಾ ಕಂಪಿಸುವ ಎಂಜಿನ್ನಿಗೆ ಗಟ್ಟಿ ಸಲಾಕೆಯನ್ನು ಜೋಡಿಸಿದರೆ, ಪ್ರತಿಯೊಂದು ಕುಲುಕಾಟವೂ ವೇಗದ ಸನ್ನೆಯನ್ನು ಎಳೆದು ಬಿಡುವುದು ಅನಿವಾರ್ಯ. ಎರ್ನೆಸ್ಟ್ ಬೌಡನ್ನನು 1896ರಲ್ಲಿ ಪೇಟೆಂಟ್ ಪಡೆದ ತಂತಿಯಲ್ಲಿ ಇದಕ್ಕೆ ಪರಿಹಾರವಿತ್ತು: ಒಳತಂತಿ ಎಳೆಯುವಾಗ ಹೊರಗವಚವು ಅಷ್ಟೇ ಬಲದಿಂದ ಎದುರೊತ್ತುವುದರಿಂದ, ಎಂಜಿನ್ ಅತ್ತಿತ್ತ ಹೊರಳಿದರೂ ಆ ಸನ್ನೆಗೆ ತಲುಪುವುದು ಕೈಯ ತಿರುವು ಮಾತ್ರ. ಹೀಗೆಯೇ ಹಿಂಬದಿಯಲ್ಲಿ ಎಂಜಿನ್ನಿದ್ದ ಜರ್ಮನಿಯ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನಲ್ಲಿ ಎಕ್ಸಲೇಟರ್ ತಂತಿಯು ನಡುಸುರಂಗದ ಕೊಳವೆಯಲ್ಲಿ ಹಿಂದಕ್ಕೆ ಸಾಗಿ, ಫ್ಯಾನಿನ ಕವಚವನ್ನೇ ತೂರಿ ಕಾರ್ಬರೇಟರನ್ನು ಸೇರುತ್ತಿತ್ತು.

ಇನ್ನು ಗಟ್ಟಿ ಸಲಾಕೆಗೆ ಶಾಖ ಒಡ್ಡುವ ತೊಡಕಿನ ವಿಷಯ. ಅಲ್ಯೂಮಿನಿಯಮ್ಮಿನ 50 ಸೆಂಟಿಮೀಟರ್ ಭಾಗವು 80 ಡಿಗ್ರಿ ಕಾದರೆ ಸುಮಾರು 0.9 ಮಿಲಿಮೀಟರ್ ಹಿಗ್ಗುತ್ತದೆ; ಉಕ್ಕು ಹಿಗ್ಗುವುದು ಅದರ ಅರ್ಧದಷ್ಟು ಮಾತ್ರ. ಬೀಟಲ್ ಎಂಜಿನ್ನಿನ ಎರಡು ಪಾರ್ಶ್ವಗಳಿಗೂ ಒಂದೊಂದು ಕಾರ್ಬರೇಟರ್ ಹೂಡಿ, ಅವುಗಳ ನಡುವೆ ಉಕ್ಕಿನ ಅಡ್ಡದಂಡ ಕಟ್ಟಿದವರು, ತಣ್ಣಗಿದ್ದಾಗ ಸಮನಾಗಿ ತೆರೆಯುತ್ತಿದ್ದ ಎರಡು ಕವಾಟಗಳು ಕಾದ ಮೇಲೆ ತಪ್ಪುವುದನ್ನು ಕಂಡು, ಸನ್ನೆಯ ತಿರುಗಣೆಯನ್ನು ನಟ್ಟನಡುವೆ ಇಟ್ಟು ಎರಡೂ ಕಡೆ ವ್ಯತ್ಯಾಸವು ಸಮನಾಗುವಂತೆ ಮಾಡಿದರು.

ಡೀಸೆಲ್ ಟಂಟಮ್ಮಿನಲ್ಲಾದರೋ ಗಾಳಿಯನ್ನು ಅಳೆದು ಬಿಡುವ ಕವಾಟವಿಲ್ಲ. ತಂತಿ ಎಳೆಯುವುದು ವೇಗವನ್ನು ಕಾಯುವ ಗವರ್ನರಿನ ಸ್ಪ್ರಿಂಗನ್ನು; ತಿರುಗುವ ತೂಕಗಳು ಅದನ್ನು ಪ್ರತಿರೋಧಿಸಿ, ಎರಡರ ಸಮತೋಲದಲ್ಲಿ ಪಂಪು ಎಷ್ಟು ಡೀಸೆಲ್ ಬಿಡಬೇಕೆಂಬುದು ನಿರ್ಣಯವಾಗುತ್ತದೆ. ಇಲ್ಲಿ ತಂತಿಗೆ ಒಂದಿಷ್ಟು ಸಡಿಲು ಬೇಕೇ ಬೇಕು. ಗ್ಯಾರೇಜಿನ ಮೇಸ್ತ್ರಿ ಎಂಜಿನ್ನನ್ನು ಐಡ್ಲಿಂಗಿನಲ್ಲಿ ಬಿಟ್ಟು, ಹ್ಯಾಂಡಲನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಪೂರ್ತಿ ತಿರುಗಿಸಿ ಕಿವಿಗೊಡುತ್ತಾನೆ. ಸದ್ದು ಏರಿದರೆ ತಂತಿ ಬಿಗಿಯಾಯಿತೆಂದು ತಿಳಿದು ಅಡ್ಜಸ್ಟರನ್ನು ಒಂದು ಸುತ್ತು ಒಳಕ್ಕೆ ತಿರುವುತ್ತಾನೆ. ಸುಗ್ಗಿಯ ಧೂಳು ಕವಚದೊಳಗೆ ಸೇರಿ, ಕೈ ಬಿಟ್ಟರೂ ತಂತಿ ಹಿಂದಿರುಗದೆ ಎಂಜಿನ್ ಕೂಗುತ್ತಲೇ ಇದ್ದರೆ, ತುದಿಯಿಂದ ಎಣ್ಣೆ ಇಳಿಸಿ, ಎಳೆ ಹರಿದಿದ್ದರೆ ಹೊಸ ತಂತಿ ಏರಿಸುತ್ತಾನೆ.

ಈಚೆಗೆ ಬಂದ ವಿದ್ಯುತ್ ಬಂಡಿಗಳಲ್ಲಿ ಕೈಯ ತಿರುವನ್ನು ಅಯಸ್ಕಾಂತ ಮತ್ತು ಸೆನ್ಸರ್ ಅಳೆಯುತ್ತವೆ. ಹರಿಯುವ ಎಳೆಯಿಲ್ಲ, ಎಣ್ಣೆ ಬೇಡುವ ಕವಚವೂ ಇಲ್ಲ. ಇದು ಪ್ರಗತಿಯೇ ಸರಿ. ಆದರೆ ತಂತಿಯ ದೋಷವು ಕಿವಿಗೆ ಕೇಳುವಂತಹದು, ಬೆರಳಿಗೆ ಸಿಗುವಂತಹದು. ಯಂತ್ರಶಾಸ್ತ್ರ ಓದದವನೂ ಅದರ ಮೂಲಕ ಕಸುಬುದಾರನಾಗಬಹುದಾಗಿತ್ತು. ಸೆನ್ಸರ್ ಕೆಟ್ಟರೆ ಅದನ್ನು ಬದಲಿಸಬಹುದೇ ಹೊರತು, ಅದರಿಂದ ಕಸುಬು ಕಲಿಯುವುದು ಅಷ್ಟು ಸುಲಭವಲ್ಲ.